ತೂತು ಕಂಡರೆ ಮುಚ್ಚುತ್ತಿದ್ದವರು

ನಮ್ಮ ಕಟ್ಟಡದ ಹಳೆಯ ಚೇರ್ಮನ್‌ರು ಹೋದ ತಿಂಗಳು ತೀರಿಕೊಂಡರು. ಮೊನ್ನೆ ಅವರ ಮಗ ನಮ್ಮ ಮನೆಗೆ ಬಂದಿದ್ದ. ಅಪ್ಪನ ನೆನಪಿಗೆ ಕಟ್ಟಡದವರೆಲ್ಲ ಸೇರಿ ಒಂದು ಚಿಕ್ಕ ಪುಸ್ತಕ ಮಾಡಿಸುತ್ತಿದ್ದಾರಂತೆ, ಅದರಲ್ಲಿ ನನ್ನದೂ ಒಂದು ಪುಟ ಬೇಕಂತೆ.

"ವೈನಿ, ನಿಮ್ಮ ಬರವಣಿಗಿ ಛಲೋ ಐತಿ. ಅಪ್ಪಾರ ಬಗ್ಗೆ ನಾಕು ಒಳ್ಳೆ ಮಾತು ಬರದು ಕೊಡ್ರಿ."

ಕಟ್ಟಡದವರಿಗೆಲ್ಲ ನಾನು ವೈನಿ, ಅಂದರೆ ಅತ್ತಿಗೆ. ಕೊಡುತ್ತೇನೆ ಎಂದೆ. ಚಹಾ ಕೊಟ್ಟು ಕಳಿಸಿದೆ. ಕೊಲ್ಹಾಪುರದ ಕಾನ್ವೆಂಟಿನಲ್ಲಿ ಓದುವಾಗ ನಮ್ಮ ಸಿಸ್ಟರ್ ಒಬ್ಬರು ಹೆಣ್ಣುಮಕ್ಕಳು ದನಿ ಏರಿಸಬಾರದು ಎಂದು ದಿನವೂ ಹೇಳುತ್ತಿದ್ದರು. ನಾನು ಈಗಲೂ ಏರಿಸುವುದಿಲ್ಲ. ಮೆತ್ತಗೇ ಬರೆಯುತ್ತೇನೆ. ಅವರ ಪುಸ್ತಕದಲ್ಲಿ ಇದು ಅಚ್ಚಾಗುವುದಿಲ್ಲವೆಂದು ಗೊತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಗಡಹಿಂಗ್ಲಜದವರು. ನನ್ನ ತವರೂರೂ ಅದೇ. ಚಿಕ್ಕ ವಯಸ್ಸಿನಲ್ಲಿ ಇಚಲಕರಂಜಿಗೆ ಬಂದು ಮಗ್ಗದ ಬಿಡಿಭಾಗಗಳ ಅಂಗಡಿ ಇಟ್ಟು, ಅದನ್ನು ಮಗನಿಗೆ ಬಿಟ್ಟುಕೊಟ್ಟು, ಆಮೇಲೆ ಪೂರ್ತಿ ಕಟ್ಟಡದ ಕೆಲಸಕ್ಕೇ ನಿಂತವರು. ಹಣೆಯ ತುಂಬ ವಿಭೂತಿ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಂಗಿಯ ಕಿಸೆ ಮಾತ್ರ ಯಾವಾಗಲೂ ಉಬ್ಬಿರುತ್ತಿತ್ತು. ಅದರಲ್ಲಿ ಹಣವಿರಲಿಲ್ಲ, ಮೊಬೈಲೂ ಇರಲಿಲ್ಲ. ಪ್ಲಂಬರ್‌ಗಳು ಬಳಸುವ ಸೀಲು ಇರುತ್ತಿತ್ತು. ಒಂದು ಕಪ್ಪು ಉಂಡೆ, ಒಂದು ಬಿಳಿ ಉಂಡೆ. ಎರಡನ್ನೂ ಕೂಡಿಸಿ ಹಿಟ್ಟಿನಂತೆ ನಾದಿದರೆ ಬೂದು ಬಣ್ಣದ ಮುದ್ದೆಯಾಗುತ್ತದೆ, ಹಚ್ಚಿದಲ್ಲಿ ಕಲ್ಲಾಗುತ್ತದೆ. ಮಾತಾಡುತ್ತಾ ನಿಂತವರು ಗೋಡೆಯಲ್ಲಿ ಒಂದು ಸಣ್ಣ ತೂತು ಕಂಡರೆ ಸಾಕು, ಮಾತು ಅಲ್ಲಿಗೇ ಬಿಟ್ಟು ಕಿಸೆಗೆ ಕೈ ಹಾಕುತ್ತಿದ್ದರು.

"ತೂತ ಅಂದ್ರ ನುಕಸಾನ್ರಿ ವೈನಿ. ಅಲ್ಲಿಂದ ಏನರ ಹೊರಗ ಹೋಗತೈತಿ, ಇಲ್ಲಾ ಏನರ ಒಳಗ ಬರತೈತಿ. ಎರಡೂ ಕೆಟ್ಟದ್ದ."

ನಮ್ಮ ಗ್ಯಾಲರಿಯಿಂದ ಮಳೆನೀರು ಹೋಗುವ ತೂತನ್ನು ಜಿರಲೆ ಬರುತ್ತವೆಂದು ಮುಚ್ಚಿದರು. ಮೊದಲ ಮಳೆಗೇ ನಮ್ಮ ಚಪ್ಪಲಿಗಳೆಲ್ಲ ಗ್ಯಾಲರಿಯಲ್ಲಿ ತೇಲಾಡಿದವು. ಮೂರನೆಯ ಮಹಡಿಯವರ ಎಸಿಯಿಂದ ನೀರು ತೊಟ್ಟಿಕ್ಕುವ ಕೊಳವೆ ಗೋಡೆ ಹಸಿ ಮಾಡುತ್ತದೆಂದು ಅದರ ಬಾಯಿಯನ್ನೂ ಮುಚ್ಚಿದರು. ಆ ನೀರು ಅವರ ಹಾಸಿಗೆಯ ಮೇಲೆ ಇಳಿಯಿತು. ನಮ್ಮ ಬಾಗಿಲಲ್ಲಿ ಹೊರಗೆ ನೋಡುವ ಗಾಜಿನ ಕಿಂಡಿಯನ್ನೂ ಒಮ್ಮೆ ಬಹಳ ಹೊತ್ತು ನೋಡಿದರು. "ಬಾಗಲಕ್ಕ ಕಣ್ಣ ಯಾಕ ಬೇಕ್ರಿ?" ಎಂದರು. ನಾನು ನಕ್ಕು ಬಾಗಿಲು ಹಾಕಿಕೊಂಡೆ.

ಒಳ್ಳೆಯದನ್ನೂ ಬರೆಯಬೇಕು. ಸಂಕ್ರಾಂತಿಗೆ ಊರಿನಿಂದ ಬೆಲ್ಲ ತರಿಸಿ ಮನೆಮನೆಗೆ ತಾವೇ ಕೊಟ್ಟು ಬರುತ್ತಿದ್ದರು. ನನ್ನ ಗಂಡನಿಗೆ ಜ್ವರ ನೆತ್ತಿಗೇರಿದಾಗ ತಮ್ಮ ಗಾಡಿಯಲ್ಲಿ ಕೊಲ್ಹಾಪುರದ ಆಸ್ಪತ್ರೆಗೆ ಒಯ್ದು, ಎಚ್ಚರವಾಗುವ ತನಕ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ದುಷ್ಟರೆಂದು ಹೆಸರಾದವರು ಮಾಡಿದ ಅನ್ಯಾಯವನ್ನು ಹೇಗೋ ಮರೆಯಬಹುದು. ಬೆಲ್ಲ ಕೊಟ್ಟ ಕೈ ಮಾಡಿದ್ದು ಉರಿಯುತ್ತಲೇ ಇರುತ್ತದೆ.

ಟಾಕಿಯ, ಅಂದರೆ ನೀರಿನ ಟ್ಯಾಂಕಿನ, ಮಷೀನು ಅವರೇ ತರಿಸಿದ್ದು. ನಮ್ಮಲ್ಲಿ ಮುನಿಸಿಪಾಲಿಟಿಯ ನಳದ ನೀರು ದಿನ ಬಿಟ್ಟು ದಿನವೂ ಬರುವುದಿಲ್ಲ. ಅದು ಕುಡಿಯಲಿಕ್ಕೆ, ಬಂದ ದಿನ ಪೀಪಾಯಿಗಳಲ್ಲಿ ತುಂಬಿಟ್ಟುಕೊಳ್ಳಬೇಕು. ಉಳಿದದ್ದಕ್ಕೆಲ್ಲ ಬೋರಿನ ಉಪ್ಪುನೀರು. ಅದನ್ನು ಬೆಳಿಗ್ಗೆ ಒಮ್ಮೆ ಪಂಪು ಹಚ್ಚಿ ಟೆರೇಸಿನ ಮೇಲಿನ ಟಾಕಿಗೆ ಏರಿಸಿದರೆ ಮರುದಿನದ ತನಕ ಎಲ್ಲರಿಗೂ ಅದೇ. ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಟಾಕಿಯಲ್ಲಿ ಎಷ್ಟು ನೀರಿದೆಯೆಂದು ಮನೆಯಲ್ಲಿ ಕೂತೇ ತಿಳಿಯಬೇಕೆಂದು ಅವರು ಕೊಲ್ಹಾಪುರದಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದರು. ಬೆರಳುದ್ದದ ಒಂದು ಉಕ್ಕಿನ ಬುಡ್ಡಿಯನ್ನು ಟಾಕಿಯ ತಳಕ್ಕೆ ಬಿಟ್ಟರು. ಅದರಿಂದ ಹೊರಟ ಕಪ್ಪು ಕೇಬಲ್ಲು ಟೆರೇಸಿನ ಕಟ್ಟೆಯ ಮೇಲಿನ ಪುಟ್ಟ ಡಬ್ಬಿಗೆ ಬಂತು. ಅಲ್ಲಿಂದ ಚೇರ್ಮನ್‌ರ ಹಾಲಿನ ಗೋಡೆಗೆ ಇಳಿಯಿತು. ಗೋಡೆಯ ಮೇಲೆ ಹಸಿರು ದೀಪದ ಗೆರೆಗಳು. ಟಾಕಿ ತುಂಬಿದಾಗ ಎಲ್ಲ ಗೆರೆ ಉರಿಯುತ್ತವೆ. ಖಾಲಿಯಾದಂತೆ ಮೇಲಿನಿಂದ ಒಂದೊಂದಾಗಿ ಆರುತ್ತವೆ. ಅವರು ಟಿವಿ ನೋಡುವುದನ್ನು ಬಿಟ್ಟು ಅದನ್ನೇ ನೋಡುತ್ತಾ ಕೂಡತೊಡಗಿದರು. ಟಾಕಿಯ ಏಣಿಯನ್ನು ತೆಗೆಸಿ ಕೆಳಗಿಟ್ಟರು. "ಮಷೀನ್ ಬಂದ ಮ್ಯಾಲ ಟಾಕಿ ಹತ್ತಿ ಇಣಕೂದ್ಯಾಕ?" ಎಂದರು.

ಮಾರ್ಚ್ ದಾಟಿ ಬಿಸಿಲೇರುತ್ತಿದ್ದಂತೆ ಗೆರೆಗಳು ಮಧ್ಯಾಹ್ನ ಆರತೊಡಗಿದವು. ಬೆಳಿಗ್ಗೆ ತುಂಬಿದ ಟಾಕಿ ಊಟದ ಹೊತ್ತಿಗೆ ಎರಡು ಅಡಿ ಇಳಿದಿರುತ್ತಿತ್ತು. ಗಂಡಸರು ಮಗ್ಗಕ್ಕೂ ಅಂಗಡಿಗೂ ಹೋಗಿರುವ ಹೊತ್ತು. ಮನೆಯಲ್ಲಿ ಹೆಂಗಸರು ಮಾತ್ರ. ಹೆಂಗಸರಲ್ಲಿ ನೀರಿನ ಕೆಲಸ ಮಾಡುವವಳು ಒಬ್ಬಳೇ: ಸುನಂದಾ.

ಸುನಂದಾ ಕೆಳಗಿನ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಅವಳ ಅಜ್ಜ ಕರ್ನಾಟಕದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವನು. ದಲಿತರಿಂದ ಬೌದ್ಧರಾದ ಮನೆತನ. ಗಂಡನಿಗೆ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಅವಳು ಸೀರೆಗಳಿಗೆ ಗಂಜಿ ಹಾಕಿ ಕೊಡುತ್ತಿದ್ದಳು. ಇಳಕಲ್ಲು, ಕಾಟನ್ನು, ಶಾಲೆಯ ಟೀಚರುಗಳು ಉಡುವ ಸೀರೆಗಳು. ಅವಳ ಕೈಬೆರಳಿನ ತುದಿಗಳು ಸದಾ ನೆನೆದು ಸುಕ್ಕುಗಟ್ಟಿ ಬೆಳ್ಳಗಿರುತ್ತಿದ್ದವು. ಟೆರೇಸಿನಲ್ಲಿ ನನ್ನ ಸಂಡಿಗೆಯ ಹಾಸಿಗೂ ಅವಳ ಸೀರೆಯ ಹಗ್ಗಕ್ಕೂ ನಡುವೆ ದಿನವೂ ಜಗಳವಿತ್ತು. ಜಗಳ ಮುಗಿದ ಮೇಲೆ ಹಸಿ ಸಂಡಿಗೆಯನ್ನು ಅವಳೇ ಮೊದಲು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. "ಉಪ್ಪ ಕಮ್ಮಿ ಆಗೈತ್ರಿ ವೈನಿ. ಇಂಗ್ಲೀಷ್ ಸಾಲಿ ಕಲತಾವರ ಕೈಯಾಗ ಉಪ್ಪ ನಿಲ್ಲೂದಿಲ್ಲ ನೋಡ್ರಿ."

ಗಂಜಿಯ ಕೆಲಸಕ್ಕೆ ಬೋರಿನ ನೀರು ಆಗುವುದಿಲ್ಲ. ಬಣ್ಣದ ಸೀರೆಯ ಮೇಲೆ ಬಿಳಿ ಕಲೆ ಏಳುತ್ತವೆ. ನಳದ ನೀರು ಬಂದ ದಿನ ಅವಳು ತನ್ನ ಪೀಪಾಯಿಗಳನ್ನು ತುಂಬಿಟ್ಟುಕೊಂಡು ಅದನ್ನೇ ಪೂರೈಸುತ್ತಿದ್ದಳು. ಟಾಕಿಯ ನೀರು ಅವಳಿಗೆ ಉಪಯೋಗಕ್ಕೇ ಬರುತ್ತಿರಲಿಲ್ಲ. ಇದು ಸೀರೆ ಉಡುವ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.

ಆ ದಿನ ನಾನು ಗಡಹಿಂಗ್ಲಜದಲ್ಲಿದ್ದೆ, ಅಣ್ಣನ ಮೊಮ್ಮಗನ ಜವಳಕ್ಕೆ. ಮರುದಿನ ಬಂದಾಗ ಪಾರ್ಕಿಂಗಿನ ನೆಲ ಇನ್ನೂ ಹಸಿಯಾಗಿತ್ತು. ಸುನಂದಾ ಹೊಸ್ತಿಲ ಮೇಲೆ ಕೂತಿದ್ದಳು. ಕೈಬೆರಳು ಒಣಗಿದ್ದವು, ನಾನು ಮೊದಲು ನೋಡಿದ್ದು ಅದನ್ನೇ.

"ಏನಾತು?"

"ನಿನ್ನೆ ಸಂಜೀಕ ಎಲ್ಲಾರನೂ ಕೂಡಿಸಿದರ್ರಿ. ನನ್ನ ಪೀಪಾಯಿ ಹೊರಗ ಉಳ್ಳಿಸಿಕೊಂಡ ಬಂದ್ರು. ಇಷ್ಟ ನೀರ ಯಾರ ಮನ್ಯಾಗರ ಅದಾವೇನು ಅಂತ ಕೇಳಿದ್ರು ಚೇರ್ಮನ್‌ರು. ನಳದ ನೀರ್ರಿ ಕಾಕಾ ಅಂದೆ. ಬೋರಿಂದ ಉಪ್ಪ ಇರತೈತಿ, ಇದು ಸಿಹಿ, ಒಂದ ಗುಟುಕ ಬಾಯಾಗ ಹಾಕ್ಕೊಂಡ ನೋಡ್ರಿ ಅಂದೆ. ಲೋಟಾ ತುಂಬಿ ಮುಂದ ಹಿಡದೆ."

"ಅವರೇನಂದರು?"

"ಕೈ ಬೆನ್ನಿಗೆ ಕಟ್ಟಿಕೊಂಡ್ರು. ಆಮ್ಯಾಲ ಉಳದಾವರ ಮುಂದ ಹಿಡದೆ. ಒಬ್ಬೊಬ್ಬರ ಮುಂದೂ ಹಿಡದೆ. ಯಾರೂ ಮುಟ್ಟಲಿಲ್ಲ."

ಯಾಕೆ ಮುಟ್ಟಲಿಲ್ಲವೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಮನೆಯ ನೀರು ಸಿಹಿಯೋ ಉಪ್ಪೋ ಎಂದು ತಿಳಿಯಲು ಅವಳ ಲೋಟಕ್ಕೆ ತುಟಿ ಹಚ್ಚಬೇಕಿತ್ತು. ಅಷ್ಟೊಂದು ಜನ ನಿಂತಿದ್ದರು. ಅವಳನ್ನು ಕಳ್ಳಿಯೆಂದು ನಂಬುವುದು ಅವರಿಗೆ ಅದಕ್ಕಿಂತ ಸುಲಭವಾಯಿತು.

"ಕಡೀಕ ನಾನ ಕುಡದೆ," ಎಂದಳು. "ಅವರು ಪೀಪಾಯಿ ಬೋರಲ ಹಾಕಿಸಿದ್ರು."

ಗೇಟಿನ ಬಳಿಯ ಕರಿಹಲಗೆಯ ಮೇಲೆ ಚೇರ್ಮನ್‌ರು ಮರಾಠಿಯಲ್ಲಿ, ತಮ್ಮ ದುಂಡನೆಯ ಅಕ್ಷರದಲ್ಲಿ, ನೀರು ಕದಿಯುವವರಿಗೆ ಇಲ್ಲಿ ಜಾಗವಿಲ್ಲ ಎಂದು ಬರೆದಿದ್ದರು. ಕೋಣೆಯ ಮಾಲಕ ಜಾಗ ಬಿಡಿಸಿದ. ಒಂದು ಟೆಂಪೋದಲ್ಲಿ ಅವರ ಸಂಸಾರವೆಲ್ಲ ಹಿಡಿಸಿತು.

ಅವಳಿಗೆ ಸಿಕ್ಕ ಹೊಸ ಕೋಣೆ ಮಗ್ಗದ ಶೆಡ್ಡುಗಳ ಹಿಂದೆ. ಸದ್ದಿಗೆ ಹೇಗೋ ಒಗ್ಗಿಕೊಳ್ಳಬಹುದು. ಆದರೆ ಮಗ್ಗದ ಶೆಡ್ಡಿನಿಂದ ಹಗಲೂ ರಾತ್ರಿ ಹತ್ತಿಯ ಧೂಳು ಹಾರುತ್ತದೆ. ಗಂಜಿ ಹಾಕಿದ ಹಸಿ ಸೀರೆಯನ್ನು ಅಲ್ಲಿ ಹರವಿದರೆ ಒಣಗುವಷ್ಟರಲ್ಲಿ ಸೀರೆಯ ಮೈಗೆಲ್ಲ ಬಿಳಿ ರೋಮ ಬಂದಂತೆ ಅಂಟಿಕೊಂಡಿರುತ್ತದೆ. ಒಂದು ಬಾರಿ ತಂದ ಗಿರಾಕಿಗಳು ಎರಡನೆಯ ಬಾರಿ ತರಲಿಲ್ಲ. ಹೀಗೆ ಅವಳ ಹೆಸರು ಹೋಯಿತು, ಕೆಲಸವೂ ಹೋಯಿತು.

ಇಷ್ಟಾದರೂ ಗೆರೆಗಳು ಮಧ್ಯಾಹ್ನ ಆರುವುದು ನಿಲ್ಲಲಿಲ್ಲ. ಇದನ್ನು ಚೇರ್ಮನ್‌ರು ಯಾರಿಗೂ ಹೇಳಲಿಲ್ಲ. ಮೇ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಕೊಲ್ಹಾಪುರದ ಆ ಮೆಕ್ಯಾನಿಕ್ ಮತ್ತೆ ಬಂದ. ನಾನು ಟೆರೇಸಿನಲ್ಲಿ ಹಾಸಿಗೆಯ ಚಾದರುಗಳನ್ನು ಒಣಹಾಕಿ ಅವುಗಳ ನೆರಳಿನಲ್ಲಿ ಕೂತು, ಒಣಗಲಿಟ್ಟ ಶಾವಿಗೆ ಕಾಯುತ್ತಿದ್ದೆ. ನಾನಿರುವುದು ಅವರಿಗೆ ಕಾಣಲಿಲ್ಲ. ಮೆಕ್ಯಾನಿಕ್ ಡಬ್ಬಿಯ ಬಳಿ ಬಗ್ಗಿ ನೋಡಿ ಜೋರಾಗಿ ನಕ್ಕ.

"ಅರೇ ಕಾಕಾ! ಇದರ ಮೂಗ ಮುಚ್ಚಿದೀರಲ್ರಿ! ಈ ಸಣ್ಣ ನಳಿ ಬಾಯಿ ತೆರದಿರಬೇಕು ಅಂತ ನಾ ಅವತ್ತ ಹೇಳಿದ್ದೆ."

"ಮಳಿನೀರ ಹೋಗತೈತಿ, ಇರಿವಿ ಹೋಗತಾವು ಅಂತ ಸೀಲ್ ಹಚ್ಚೇನಿ. ಅದರಿಂದೇನಾತು?"

"ತಳದಾಗಿನ ಬುಡ್ಡಿಗೆ ನೀರಿನ ಭಾರ ತಾಗತೈತ್ರಿ. ಭಾರ ನೋಡಿ ನೀರ ಎಷ್ಟೈತಿ ಅಂತ ಹೇಳತೈತಿ. ನೀರಿನ ಮ್ಯಾಲ ಹವಾದ ಭಾರನೂ ಇರತೈತಲ್ಲ, ಅದನ್ನ ಕಳದು ಹೇಳಾಕ ಹೊರಗಿನ ಹವಾ ಬೇಕು. ಅದಕ್ಕ ಈ ನಳಿ. ನೀವು ಬಾಯಿ ಮುಚ್ಚಿದ್ರಿ, ಒಳಗಿನ ಹವಾ ಒಳಗ ಉಳೀತು. ಬಿಸಲಿಗೆ ಡಬ್ಬಿ ಕಾದ ಕೂಡ್ಲೆ ಆ ಹವಾ ಉಬ್ಬಿ ಬುಡ್ಡೀನ ಹಿಂದಿಂದ ಒತ್ತತೈತಿ. ಅದು ನೀರ ಕಮ್ಮಿ ಆತು ಅಂತ ಸುಳ್ಳ ಹೇಳತೈತಿ. ಟಾಕ್ಯಾಗ ನೀರ ಇದ್ದಲ್ಲೇ ಐತ್ರಿ ಕಾಕಾ!"

ಸಂಜೆ ಡಬ್ಬಿ ತಣ್ಣಗಾಗಿ ಗೆರೆಗಳು ಮತ್ತೆ ಏರಬೇಕಾದ ಹೊತ್ತಿಗೆ ಮನೆಮನೆಯಲ್ಲೂ ನಳ ಬಿಟ್ಟಿರುತ್ತಿದ್ದೆವು. ಅದರಿಂದ ಸುಳ್ಳು ಬಯಲಾಗಲಿಲ್ಲ. ಅದನ್ನೂ ಅವನೇ ಬಿಡಿಸಿ ಹೇಳಿದ. ಚಾದರಿನ ಅಂಚಿನಿಂದ ಚೇರ್ಮನ್‌ರ ಪಾದಗಳಷ್ಟೇ ನನಗೆ ಕಾಣುತ್ತಿದ್ದವು. ಒಂದು ಪಾದದ ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಿತ್ತು. ಆ ಹೊತ್ತಿಗೆ ನನಗೆ ಅವರ ಮೇಲೆ ಸಿಟ್ಟಿರಲಿಲ್ಲ. ತಪ್ಪು ಯಾರಿಂದಲೂ ಆಗುತ್ತದೆ. ಈಗ ಸುನಂದಾಳ ಮನೆಗೆ ಹೋಗಿ ಬರುತ್ತಾರೆ ಎಂದುಕೊಂಡೆ.

ಅವರು ಹೇಳಿದ್ದು ಇಷ್ಟು: "ಕತ್ತರಿಸಿ ಬಾಯಿ ತೆಗೀರಿ. ಕೆಳಗ ಯಾರ ಮುಂದೂ ಇದನ್ನ ಆಡಬ್ಯಾಡ್ರಿ."

ಮುಂದಿನ ಭಾನುವಾರ ಪಾರ್ಕಿಂಗಿನಲ್ಲಿ ಸಭೆ. ಎಲ್ಲರಿಗೂ ಕಾಣುವಂತೆ ಅಲ್ಲಿನ ಗೋಡೆಗೂ ಹಸಿರು ಗೆರೆಗಳ ಇನ್ನೊಂದು ದೊಡ್ಡ ಹಲಗೆ ಹಾಕಿಸಿದ್ದರು. ಅದಕ್ಕೆ ಬೆನ್ನು ಮಾಡಿ ನಿಂತು ಹೇಳಿದರು: "ನೋಡ್ರಿ, ಆಕಿ ಹೋದ ಮ್ಯಾಲ ಟಾಕಿ ತುಂಬಿದ್ದು ತುಂಬಿದಂಗ ಐತಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಕೈ ಮುಗಿದರು. ನನ್ನೊಳಗೆ ಮೆತ್ತಗಿದ್ದದ್ದೆಲ್ಲ ಆ ಚಪ್ಪಾಳೆಗೆ ಗಟ್ಟಿಯಾಯಿತು.

ಮರುದಿನವೇ ಸುನಂದಾಳನ್ನು ಹುಡುಕಿಕೊಂಡು ಹೋಗಿ, ಮಗ್ಗದ ಸದ್ದಿನಲ್ಲಿ ಅವಳ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದೆ. ಇವತ್ತೇ ಸಭೆ ಕರೆಸಿ ಹೇಳಿಬಿಡುತ್ತೇನೆ ಎಂದೆ.

"ನೀವು ಹೇಳಿದ್ರ ಏನ ಬಂತ್ರಿ ವೈನಿ? ನೀವು ನನ್ನ ಗೆಳತಿ ಅಂತಾರ. ಅವರು ನಕ್ಕ ಬಿಡತಾರ. ಪಾರ್ಕಿಂಗ್‌ನ್ಯಾಗ ನಿಲ್ಲಿಸಿ ಕಳ್ಳಿ ಅಂದಾವರ ಬಾಯಿಂದ, ಅದ ಪಾರ್ಕಿಂಗ್‌ನ್ಯಾಗ, ಅಲ್ಲ ಅಂತ ಬರಬೇಕು. ಇಲ್ಲಂದ್ರ ನನಗ ಏನೂ ಬ್ಯಾಡ."

ಅದೇ ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸೀಲು ಕೊಂಡೆ. ಆದರೆ ಅಷ್ಟರಲ್ಲಿ ಮಳೆಗಾಲ ಬಂತು. ಮೋಡವಿದ್ದಾಗ ನಳಿ ಮುಚ್ಚಿ ಉಪಯೋಗವಿಲ್ಲ; ಡಬ್ಬಿ ಕಾಯುವುದಿಲ್ಲ. ನಾನು ಕಾದೆ. ನಾಗರಪಂಚಮಿ ಹೋಯಿತು, ಗಣಪತಿ ಬಂದು ಹೋದ. ಆ ಸೀಲು ನನ್ನ ಅಡುಗೆಮನೆಯ ಕಪಾಟಿನಲ್ಲಿ ಏಲಕ್ಕಿ ಡಬ್ಬಿಯ ಪಕ್ಕದಲ್ಲೇ ಇತ್ತು. ಚಹಾ ಮಾಡುವಾಗಲೆಲ್ಲ ಅದನ್ನು ನೋಡುತ್ತಿದ್ದೆ. ಚೇರ್ಮನ್‌ರು ಎದುರಾದರೆ "ಆರಾಮ ಅದೀರಿ ಕಾಕಾ?" ಎಂದು ಕೇಳುತ್ತಿದ್ದೆ, ನಗುತ್ತಲೇ.

ದಸರೆ ಕಳೆದು ಬಿಸಿಲು ಚುರುಕಾಯಿತು. ಒಂದು ಬೆಳಿಗ್ಗೆ ಬಟ್ಟೆಯ ಬಕೆಟ್ಟಿನ ಜೊತೆ ಮೇಲೆ ಹೋದೆ. ಕಪ್ಪು, ಬಿಳಿ ಉಂಡೆಗಳನ್ನು ಕೂಡಿಸಿ ಬೂದು ಬಣ್ಣ ಒಂದೇ ಸಮ ಬರುವ ತನಕ ನಾದಿದೆ. ಅದು ನನಗೆ ಬರುವ ಕೆಲಸ. ಊದಿನಕಡ್ಡಿಯಷ್ಟು ಸಣ್ಣ ನಳಿ ಡಬ್ಬಿಯ ಕೆಳಗೆ ಇಳಿಬಿದ್ದಿತ್ತು. ಕಡುಬಿನ ಬಾಯಿ ಮುಚ್ಚುವಂತೆ ಅದರ ಬಾಯಿ ಮುಚ್ಚಿದೆ.

ಊಟದ ಹೊತ್ತಿಗೆ ಪಾರ್ಕಿಂಗಿನ ಗೋಡೆಯ ಮೇಲೆ ಎಲ್ಲರ ಕಣ್ಣೆದುರು ಹಸಿರು ಗೆರೆಗಳು ಒಂದೊಂದಾಗಿ ಆರಿದವು.

ಚೇರ್ಮನ್‌ರು ಓಡುತ್ತಾ ಮೇಲೆ ಹೋದರು. ಇಳಿದು ಬಂದಾಗ ಮುಖದ ವಿಭೂತಿ ಬೆವರಿಗೆ ಹರಿದಿತ್ತು. ನಳಿಯ ತುದಿ ಕತ್ತರಿಸಿ ಸರಿಮಾಡಿದ್ದರು. ಯಾರನ್ನೂ ಏನೂ ಕೇಳಲಿಲ್ಲ. ಕೇಳುವಂತಿರಲಿಲ್ಲ. ಯಾರು ಮುಚ್ಚಿದರು ಎಂದು ಕೇಳಿದರೆ, ಏನನ್ನು ಮುಚ್ಚಿದರು ಎಂದು ಹೇಳಬೇಕಾಗುತ್ತಿತ್ತು. ಅದನ್ನು ಹೇಳಿದರೆ ಸುನಂದಾಳ ಮಾತು ಬರುತ್ತಿತ್ತು.

ನಾನು ಮತ್ತೆ ಮುಚ್ಚಿದೆ. ಅವರು ಮತ್ತೆ ಕತ್ತರಿಸಿದರು. ನಳಿ ದಿನದಿಂದ ದಿನಕ್ಕೆ ಗಿಡ್ಡವಾಗುತ್ತಾ ಹೋಯಿತು. ಅವರು ಮೆಟ್ಟಿಲ ಮೇಲೆ ಸಿಕ್ಕವರ ಮುಖ ನೋಡುವುದನ್ನು ಬಿಟ್ಟು ಉಗುರು ನೋಡತೊಡಗಿದರು.

ಕಟ್ಟಡದಲ್ಲಿ ಮಾತು ಹುಟ್ಟಿತು. ಸುನಂದಾ ಇಲ್ಲ, ಹಾಗಿದ್ದರೆ ಮಧ್ಯಾಹ್ನದ ನೀರು ಎಲ್ಲಿ ಹೋಗುತ್ತದೆ? ಹಗಲಲ್ಲಿ ಬಟ್ಟೆ ತೊಳೆಯುವ ಮಷೀನು ಓಡುವುದು ಒಂದೇ ಮನೆಯಲ್ಲಿ, ಚೇರ್ಮನ್‌ರ ಮನೆಯಲ್ಲಿ. ಅವರ ಸೊಸೆ ಕೆಳಗಿಳಿದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಮೂರನೆಯ ಮಹಡಿಯವರು ಒಮ್ಮೆ ಕೇಳಿಯೇಬಿಟ್ಟರು: "ಏನ್ರಿ ಕಾಕಾ, ಪೀಪಾಯಿ ಹೊರಗ ಉಳ್ಳಿಸೂಣೇನು, ಈ ಸಲ ನಿಮ್ಮ ಮನೀವು?" ಎಲ್ಲರೂ ನಕ್ಕರು. ಸೊಸೆ ಅಳುತ್ತಾ ಮೆಟ್ಟಿಲು ಹತ್ತಿದಳು. ಆ ಹುಡುಗಿಯ ತಪ್ಪು ಏನೂ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಸುನಂದಾಳ ತಪ್ಪೂ ಇರಲಿಲ್ಲ. ಮರುದಿನ ನಾನು ನಳಿಯನ್ನು ಮತ್ತೆ ಮುಚ್ಚಿದೆ. ಇಂದಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಕೊನೆಗೆ ಅವರು ಟೆರೇಸಿಗೆ ಕೀಲಿ ಹಾಕಿದರು. ಚಾವಿ ಅವರ ಉಡದಾರಕ್ಕೆ. ಬಟ್ಟೆ ಒಣಹಾಕಬೇಕಾದವರು ಅವರನ್ನೇ ಕೇಳಿ ಒಯ್ದು, ಅವರ ಕೈಗೇ ತಂದು ಕೊಡಬೇಕು. ಪ್ರತಿಯೊಬ್ಬರು ಇಳಿದ ಮೇಲೂ ಮೇಲೆ ಹೋಗಿ ನೋಡಿ ಬರುತ್ತಿದ್ದರು. ನಾನೂ ಚಾವಿ ಕೇಳಿದೆ. ಬಟ್ಟೆ ಹಾಕಿದೆ. ನಳಿ ಮುಚ್ಚಿದೆ. ಚಾವಿ ತಂದು ಕೊಟ್ಟೆ. ನಾನೇ ಎಂದು ಅವರಿಗೆ ಗೊತ್ತಾಗಲೆಂಬುದೇ ನನ್ನ ಇಚ್ಛೆಯಾಗಿತ್ತು.

ಅವರು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದಾಗ ನಾನು ಚಪಾತಿಯ ಕಣಕ ನಾದುತ್ತಿದ್ದೆ. ಅವರು ನನ್ನ ಕೈಯನ್ನೇ ನೋಡಿದರು.

"ಕಾನ್ವೆಂಟ್‌ನ್ಯಾಗ ಕಲತಾವ್ರು ನೀವು. ಇದು ನಿಮಗ ಶೋಭಸತೈತೇನ್ರಿ ವೈನಿ?"

"ಚಹಾ ಕುಡೀತೀರಿ ಕಾಕಾ?"

"ನಿಮ್ಮ ಯಜಮಾನರಿಗೆ ಹೇಳತೇನಿ ನಾ."

"ಹೇಳ್ರಿ. ಯಾವ ನಳಿ ಅಂತ ಅವರು ಕೇಳತಾರ. ಅದನ್ನೂ ಹೇಳ್ರಿ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮೊಣಕಾಲು ನೋವಿನ ಮನುಷ್ಯ. ದಿನಕ್ಕೆ ಎಷ್ಟೋ ಸಲ ಟೆರೇಸ್ ಹತ್ತಿಳಿದು ದಣಿದಿದ್ದರು. ಕೂಡ್ರಿ ಎಂದು ನಾನು ಹೇಳಲಿಲ್ಲ.

"ನಿಮಗ ಏನ ಬೇಕು?"

"ನನಗ ಏನೂ ಬ್ಯಾಡ್ರಿ. ಸುನಂದಾ ಬರತಾಳ ಭಾನುವಾರ ಸಂಜೀಕ. ಪಾರ್ಕಿಂಗ್‌ನ್ಯಾಗ ಎಲ್ಲಾರೂ ಇರತಾರ. ಆಕಿಗೆ ಏನ ಬೇಕೋ ಆಕಿ ಹೇಳತಾಳ."

"ನನ್ನ ವಯಸ್ಸ ನೋಡ್ರಿ. ಒಂದ ಸೀರಿ ತಗೊಂಡ ಆಕಿ ಮನೀಗೆ ಹೋಗಿ ಮಾಫಿ ಕೇಳಿ ಬರತೇನಿ."

"ಮನ್ಯಾಗ ಅಂದಿದ್ರ ಮನ್ಯಾಗ ಕೇಳಬಹುದಿತ್ತು," ಎಂದೆ. ದನಿ ಏರಿಸಲಿಲ್ಲ.

ಆ ಭಾನುವಾರ ಸುನಂದಾ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬಂದಳು. ಚೇರ್ಮನ್‌ರು ನೆಲ ನೋಡುತ್ತಾ ಶುರುಮಾಡಿದರು.

"ಮಷೀನಿನ್ಯಾಗ ಒಂದ ಸಣ್ಣ ದೋಷ ಇತ್ತು..."

"ಮಷೀನಿಂದ ಬಿಡ್ರಿ ಕಾಕಾ," ಎಂದಳು ಸುನಂದಾ. "ನಿಮ್ಮದ ಹೇಳ್ರಿ."

"ನಳಿ ಬಾಯಿ ನಾನ ಮುಚ್ಚಿದ್ದೆ. ನೀರ ಯಾರೂ ಕದ್ದಿರಲಿಲ್ಲ."

"ಯಾರೂ ಅಂದ್ರ ಯಾರು?"

"ಸುನಂದಾ ಕದ್ದಿರಲಿಲ್ಲ."

"ಕೇಳಸಲಿಲ್ರಿ. ಮ್ಯಾಲ ಗ್ಯಾಲರ್ಯಾಗ ನಿಂತಾವ್ರಿಗೂ ಕೇಳಬೇಕು."

ಅವರು ಮತ್ತೆ ಹೇಳಿದರು, ಜೋರಾಗಿ.

"ಇದು ನಿಮಗ ಗೊತ್ತಾಗಿದ್ದು ಯಾವಾಗ?"

ಅವರು ನನ್ನ ಕಡೆ ನೋಡಿದರು. ನಾನು ನೋಟ ತೆಗೆಯಲಿಲ್ಲ.

"ಮೇ ತಿಂಗಳದಾಗ."

"ಚಪ್ಪಾಳಿ ಹೊಡಿಸಿಕೊಂಡಿದ್ದು?"

"ಅದಾದ ಮ್ಯಾಲ," ಎಂದರು ಅವರು.

ಸೊಸೆ ಗ್ಯಾಲರಿಯಿಂದ ಒಳಗೆ ಹೋದಳು. ಅಂದು ಲೋಟ ಮುಟ್ಟದೆ ನಿಂತವರೆಲ್ಲ ಈಗ ಚೇರ್ಮನ್‌ರಿಂದ ಒಂದು ಹೆಜ್ಜೆ ದೂರ ಸರಿದು ನಿಂತರು. ಅವರಲ್ಲಿ ಯಾರೂ ಸುನಂದಾಳ ಹತ್ತಿರ ಬರಲಿಲ್ಲ. ಅದನ್ನೂ ನಾನು ನೋಡಿದೆ.

"ಆತಲ್ಲವಾ," ಎಂದರು ಚೇರ್ಮನ್‌ರು. "ನಿನ್ನ ಕೋಲಿ ಇನ್ನೂ ಖಾಲಿ ಐತಿ. ನಾ ಮಾಲಕರಿಗೆ ಹೇಳತೇನಿ. ತಿರುಗಿ ಬಾ."

"ಕೋಲಿ ಬ್ಯಾಡ್ರಿ. ಇಲ್ಲಿ ನಾ ಇರೂದಿಲ್ಲ. ನನಗ ಟೆರೇಸ್ ಬೇಕು. ನಾ ಇರೋ ಜಾಗಾದಾಗ ಸೀರಿ ಒಣಗೂದಿಲ್ಲ. ದಿನಾ ಮುಂಜಾನಿ ಬರತೇನಿ. ಚಾವಿ ನಿಮ್ಮ ಕೈಲೆ ಕೊಡಬೇಕು. ಮಂದಿ ಕೈಯಾಗ ಕಳಿಸಿದ್ರ ನಡಿಯೂದಿಲ್ಲ."

ಅಂದಿನಿಂದ ಅವಳು ದಿನವೂ ಬಂದಳು. ಮನೆಯಲ್ಲಿ ಗಂಜಿ ಹಾಕಿ ಹಿಂಡಿದ ಸೀರೆಗಳ ಬಕೆಟ್ಟನ್ನು ಗಂಡನ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದು, ಪಾರ್ಕಿಂಗಿನಲ್ಲಿ ನಿಂತು "ಚಾವಿ ಕೊಡ್ರಿ ಕಾಕಾ" ಎಂದು ಎಲ್ಲ ಮಹಡಿಗಳಿಗೂ ಕೇಳುವಂತೆ ಕೂಗುತ್ತಿದ್ದಳು. ಅವರು ಕುರ್ಚಿಯ ಹಿಡಿಕೆ ಒತ್ತಿ ಏಳುತ್ತಿದ್ದರು, ಉಡದಾರದಿಂದ ಚಾವಿ ಬಿಚ್ಚುತ್ತಿದ್ದರು, ಗೋಡೆ ಹಿಡಿದು ಕೆಳಗಿಳಿದು ಬಂದು ಅವಳ ಅಂಗೈಗೆ ಇಡುತ್ತಿದ್ದರು. ಒಮ್ಮೆ ಸೊಸೆಯ ಕೈಯಲ್ಲಿ ಕಳಿಸಿದರು. ಸುನಂದಾ ಕೈ ಚಾಚಲಿಲ್ಲ; ಅವರು ಬರುವ ತನಕ ಬಕೆಟ್ಟನ್ನು ಕೆಳಗೂ ಇಡದೆ ನಿಂತಿದ್ದಳು. ನಾನು ಬೆಳಗಿನ ಚಹಾ ಕುಡಿಯುವ ಹೊತ್ತನ್ನು ಆ ಹೊತ್ತಿಗೆ ಬದಲಿಸಿಕೊಂಡೆ. ಗ್ಯಾಲರಿಯಲ್ಲಿ ನಿಂತು ನೋಡುತ್ತಾ ಕುಡಿಯುತ್ತಿದ್ದೆ. ಅವಳ ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಮರುವರ್ಷದ ಸಭೆಯಲ್ಲಿ ಬೇರೆ ಚೇರ್ಮನ್ ಬಂದರು. ಚಾವಿ ಮಾತ್ರ ಇವರ ಬಳಿಯೇ ಇರಲಿ ಎಂದು ಸುನಂದಾ ಹಟ ಹಿಡಿದಳು, ಹೊಸಬರು ಒಪ್ಪಿದರು. ಹೀಗೆ ವರ್ಷಗಳು ಕಳೆದವು. ಅವರ ಬೆನ್ನು ಬಾಗಿತು. ಒಂದು ದಿನವೂ ಅವಳು ಬಿಡಲಿಲ್ಲ. ಬಿಡು ಎಂದು ನಾನೂ ಹೇಳಲಿಲ್ಲ.

ಅವರು ತೀರಿಕೊಂಡ ಮರುದಿನ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಹೆಣವನ್ನು ಅವರ ಪದ್ಧತಿಯಂತೆ ಹೂವಿನ ಕುರ್ಚಿಯಲ್ಲಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಹೊಸ ಬಿಳಿ ಅಂಗಿ. ಕಿಸೆ ಚಪ್ಪಟೆಯಾಗಿತ್ತು. ಭಜನೆಯವರು ತಾಳ ಹಾಕುತ್ತಿದ್ದರು. ಗಡಹಿಂಗ್ಲಜದಿಂದ ಬಂದ ನೆಂಟರು ಗೋಡೆಯುದ್ದಕ್ಕೂ ಕೂತಿದ್ದರು. ಎಂದಿನ ಹೊತ್ತಿಗೆ ಗೇಟು ಸರಿಯಿತು. ಸುನಂದಾ ಬಕೆಟ್ಟು ಹಿಡಿದು ಒಳಗೆ ಬಂದಳು. ಜನ ದಾರಿ ಬಿಟ್ಟರು.

"ಇವತ್ತೊಂದಿನ ಬಿಡಬಾರದೇನವಾ?" ಎಂದಳು ನೆಂಟರಲ್ಲಿ ಒಬ್ಬ ಮುದುಕಿ.

"ಗಂಜಿ ಹಾಕಿದ ಸೀರಿ ಕಾಯೂದಿಲ್ರಿ ಆಯಿ," ಎಂದಳು ಸುನಂದಾ. ಕುರ್ಚಿಯ ಎದುರು ನಿಂತು ಅವರ ಮುಖವನ್ನು ಚೆನ್ನಾಗಿ ನೋಡಿದಳು. ಕೈ ಮುಗಿಯಲಿಲ್ಲ. ಆಮೇಲೆ ಮಗನ ಕಡೆ ತಿರುಗಿ ಅಂಗೈ ಮುಂದೆ ಮಾಡಿದಳು. ಹೆಣಕ್ಕೆ ಜಳಕ ಮಾಡಿಸುವಾಗ ಉಡದಾರದಿಂದ ಬಿಚ್ಚಿದ ಚಾವಿ ಅವನ ಬಳಿಯಿತ್ತು. ಅವನು ಅವಳ ಮುಖ ನೋಡದೆ ಅದನ್ನು ಅವಳ ಕೈಗಿಟ್ಟ.

ಕುರ್ಚಿಯನ್ನು ಎತ್ತಿದರು. ಹೆಂಗಸರ ಅಳು ಏರಿತು. ಭಜನೆ ಗೇಟು ದಾಟಿ ರಸ್ತೆಗಿಳಿಯಿತು. ನಾನು ಹಿಂದೆ ಹೋಗಲಿಲ್ಲ, ಮೇಲೆ ಹೋದೆ. ಗಂಜಿಯ ಸೀರೆ ಒಬ್ಬರಿಂದ ಹರವಲಾಗುವುದಿಲ್ಲ. ನೆರಿಗೆ ಬೀಳದಂತೆ ಎರಡು ತುದಿಯಿಂದ ಇಬ್ಬರು ಹಿಡಿದು ಎಳೆಯಬೇಕು. ಸುನಂದಾ ಒಂದು ತುದಿ ನನ್ನ ಕೈಗೆ ಕೊಟ್ಟು ಹಿಂದೆ ಹಿಂದೆ ಸರಿದಳು. ಕೆಳಗೆ ತಾಳದ ಸದ್ದು ತಿರುವಿನಲ್ಲಿ ಸಣ್ಣಗಾಗುತ್ತಿತ್ತು.

"ಹಂಗ ಮೆತ್ತಗ ಹಿಡೀಬ್ಯಾಡ್ರಿ ವೈನಿ," ಎಂದಳು. "ಜಗ್ರಿ."

ನಾನು ಎರಡೂ ಕೈಯಿಂದ ಜಗ್ಗಿದೆ.